ಭೂಮಿಯ ಆದಾಯ, ವ್ಯಾಪಾರದ ಲಾಭ: ತೆರಿಗೆಯ ನ್ಯಾಯವನ್ನು ಕುರಿತ ಒಂದು ಐತಿಹಾಸಿಕ ವಿವೇಚನೆ

೧. ಪ್ರಶ್ನೆಯ ಸ್ವರೂಪ

ಕರ್ನಾಟಕದ ಶಾಸನಗಳನ್ನು ಅಭ್ಯಾಸ ಮಾಡಿದವರಿಗೆ ಸಿದ್ಧಾಯ, ಹೆಜ್ಜುಂಕ, ವಡ್ಡರಾವುಳ, ಬಿಲ್ಕೊಡೆ ಎಂಬ ಮಾತುಗಳು ಪರಿಚಿತವಾದುವೇ ಆಗಿವೆ. ಮೊದಲನೆಯದು ಭೂಮಿಯಿಂದ ಸಲ್ಲುತ್ತಿದ್ದ ನಿಗದಿಯಾದ ಆಯ; ಉಳಿದವು ಹೆಚ್ಚಾಗಿ ಸರಕು ಮತ್ತು ವ್ಯಾಪಾರಗಳ ಮೇಲಿನ ಸುಂಕಗಳು. ಒಕ್ಕಲಿಗನೂ ವರ್ತಕನೂ ರಾಜ್ಯದ ಭಂಡಾರಕ್ಕೆ ಬೇರೆ ಬೇರೆ ಬಾಗಿಲುಗಳಿಂದ ತಮ್ಮ ಪಾಲನ್ನು ಸಲ್ಲಿಸುವ ಪದ್ಧತಿ ನಮ್ಮಲ್ಲಿ ಬಹಳ ಹಿಂದಿನದೆಂಬುದಕ್ಕೆ ಈ ಮಾತುಗಳೇ ಸಾಕ್ಷಿ. ಆದರೆ ಒಬ್ಬನು ಕೊಡುವುದನ್ನು ಇನ್ನೊಬ್ಬನು ಕೊಡುವುದರೊಡನೆ ತೂಗಿ ನೋಡಿ, ಯಾರ ಹೊರೆ ನ್ಯಾಯವಾದುದು, ಯಾರದು ಅನ್ಯಾಯವಾದುದು ಎಂದು ಸಾರ್ವಜನಿಕವಾಗಿ ವಾದಿಸುವ ಸಂಪ್ರದಾಯ ಅಷ್ಟು ಹಳೆಯದಲ್ಲ. ಅದು ವರಮಾನ ತೆರಿಗೆಯೊಡನೆ ೧೮೬೦ರಲ್ಲಿ ಭಾರತಕ್ಕೆ ಬಂದಿತು. ಅಂದಿನಿಂದ ಇಂದಿನವರೆಗೂ ಆ ವಾದ ನಿಂತಿಲ್ಲ.

ನಮ್ಮ ತರಗತಿಗಳಲ್ಲಿ ಈ ವಿಷಯವನ್ನು ಎತ್ತಿದೊಡನೆ ವಿದ್ಯಾರ್ಥಿಗಳು ಎರಡು ಪಕ್ಷಗಳಾಗುವುದನ್ನು ನಾವು ಪ್ರತಿವರ್ಷವೂ ಕಾಣುತ್ತೇವೆ. ತಿಂಗಳ ಸಂಬಳದವನೂ ಅಂಗಡಿಯವನೂ ತೆರಿಗೆ ಕೊಡುವಾಗ ನೂರಾರು ಎಕರೆಯ ಒಡೆಯನು ಏಕೆ ಕೊಡಬಾರದೆಂದು ಒಂದು ಪಕ್ಷ ಕೇಳುತ್ತದೆ. ಮಳೆಯನ್ನು ನಂಬಿ ಬದುಕುವವನ ಮೇಲೆ ಕಣ್ಣು ಹಾಕುವ ಮೊದಲು ದೊಡ್ಡ ಕಂಪೆನಿಗಳಿಗೆ ಕೊಟ್ಟಿರುವ ರಿಯಾಯಿತಿಗಳ ಲೆಕ್ಕ ಕೇಳಿರೆಂದು ಇನ್ನೊಂದು ಪಕ್ಷ ಉತ್ತರಿಸುತ್ತದೆ. ಎರಡೂ ಮಾತುಗಳಲ್ಲಿ ಸತ್ಯಾಂಶವುಂಟು. ಆದರೆ ಭೂಮಿ ಮತ್ತು ವ್ಯಾಪಾರಗಳ ನಡುವೆ ಕಾನೂನು ಕಟ್ಟಿರುವ ಗೋಡೆ ಯಾವಾಗ, ಯಾವ ಕಾರಣದಿಂದ ಎದ್ದಿತು, ಅದರ ನೆರಳಿನಲ್ಲಿ ನಿಜವಾಗಿ ತಂಪು ಪಡೆದವರು ಯಾರು ಎಂಬುದನ್ನು ಅರಿಯದೆ ಈ ವಾದವನ್ನು ತೀರ್ಮಾನಿಸುವುದು ಸಾಧ್ಯವಿಲ್ಲ. ಇತಿಹಾಸದ ಅಭ್ಯಾಸಿಗಳು ಈ ಚರ್ಚೆಗೆ ಸಲ್ಲಿಸಬಹುದಾದ ಸೇವೆ ಇಷ್ಟೇ. ಅದನ್ನೇ ಇಲ್ಲಿ ಸಂಕ್ಷೇಪವಾಗಿ ಮಾಡಲು ಯತ್ನಿಸಿದ್ದೇವೆ.

೨. ವಿಲ್ಸನ್ ಮತ್ತು ಟ್ರೆವೆಲಿಯನ್

೧೮೫೭ರ ಹೋರಾಟವನ್ನು ಅಡಗಿಸಲು ಆದ ವೆಚ್ಚದಿಂದ ಭಾರತ ಸರ್ಕಾರದ ಸಾಲ ಬಹಳವಾಗಿ ಏರಿತ್ತು. ಹಣಕಾಸನ್ನು ಸರಿಪಡಿಸುವುದಕ್ಕಾಗಿ ಇಂಗ್ಲೆಂಡಿನಿಂದ ಜೇಮ್ಸ್ ವಿಲ್ಸನ್ ಎಂಬುವರನ್ನು ಗವರ್ನರ್ ಜನರಲ್ಲರ ಮಂಡಲಿಯ ಮೊದಲ ಹಣಕಾಸು ಸದಸ್ಯರನ್ನಾಗಿ ಕಳುಹಿಸಲಾಯಿತು. ಅವರು ೧೮೬೦ರ ಫೆಬ್ರವರಿಯಲ್ಲಿ ಮಂಡಿಸಿದ ಆಯವ್ಯಯದಲ್ಲಿ ವರಮಾನ ತೆರಿಗೆಯನ್ನು ಸೂಚಿಸಿದರು. ಜುಲೈ ತಿಂಗಳಲ್ಲಿ ಅದು ಕಾಯಿದೆಯಾಯಿತು. ವರ್ಷಕ್ಕೆ ೨೦೦ ರೂಪಾಯಿಗಳಿಂದ ೫೦೦ ರೂಪಾಯಿಗಳವರೆಗಿನ ಆದಾಯಕ್ಕೆ ನೂರಕ್ಕೆ ೨ರಂತೆಯೂ, ಅದಕ್ಕೆ ಮೇಲ್ಪಟ್ಟ ಆದಾಯಕ್ಕೆ ನೂರಕ್ಕೆ ೪ರಂತೆಯೂ ದರ ನಿಗದಿಯಾಯಿತು. ಇಂದಿನ ವಾಚಕರು ಇಲ್ಲಿ ವಿಶೇಷವಾಗಿ ಗಮನಿಸಬೇಕಾದ ಅಂಶವೊಂದುಂಟು: ಈ ಮೊದಲ ಕಾಯಿದೆಯಲ್ಲಿ ಭೂಮಿಯ ಆದಾಯಕ್ಕೆ ವಿನಾಯಿತಿ ಇರಲಿಲ್ಲ. ಜಮೀನ್ದಾರನೂ ವರ್ತಕನೂ ನೌಕರನೂ ಒಂದೇ ಸಾಲಿನಲ್ಲಿ ನಿಂತಿದ್ದರು.

ವಿರೋಧ ಎರಡು ಕಡೆಗಳಿಂದ ಬಂದಿತು. ಬಂಗಾಳದ ಜಮೀನ್ದಾರರು ೧೭೯೩ರ ಶಾಶ್ವತ ಜಮೀನ್ದಾರಿ ಪದ್ಧತಿಯನ್ನು ಮುಂದೊಡ್ಡಿದರು. ತಮ್ಮಿಂದ ಸಲ್ಲಬೇಕಾದುದನ್ನು ಎಂದೆಂದಿಗೂ ಏರಿಸುವುದಿಲ್ಲವೆಂದು ಸರ್ಕಾರ ವಚನವಿತ್ತಿರುವಾಗ, ಅದೇ ಭೂಮಿಯ ಉತ್ಪನ್ನದ ಮೇಲೆ ಮತ್ತೊಂದು ತೆರಿಗೆ ಹಾಕುವುದು ವಚನಭಂಗವೆಂಬುದು ಅವರ ವಾದ. ಎರಡನೆಯ ವಿರೋಧ ಸರ್ಕಾರದೊಳಗಿನಿಂದಲೇ ಹೊರಟಿತು. ಮದರಾಸಿನ ಗವರ್ನರ್ ಚಾರ್ಲ್ಸ್ ಟ್ರೆವೆಲಿಯನ್ ಅವರು, ಹೊಸ ತೆರಿಗೆಗಳನ್ನು ಹಾಕುವುದಕ್ಕಿಂತ ಸರ್ಕಾರ ತನ್ನ ವೆಚ್ಚವನ್ನು ಇಳಿಸುವುದೇ ಸರಿಯಾದ ಮಾರ್ಗವೆಂದು ಬರೆದು, ಆ ಬರಹವನ್ನು ಪತ್ರಿಕೆಗಳಲ್ಲಿ ಬಹಿರಂಗವಾಗಿ ಪ್ರಕಟಿಸಿಬಿಟ್ಟರು. ಅಧಿಕಾರದಲ್ಲಿದ್ದವನು ಸರ್ಕಾರದ ನೀತಿಯನ್ನು ಪ್ರಜೆಗಳ ಮುಂದೆ ಖಂಡಿಸಿದುದಕ್ಕಾಗಿ ಅವರನ್ನು ಹಿಂದಕ್ಕೆ ಕರೆಸಿಕೊಳ್ಳಲಾಯಿತು. ವಿಲ್ಸನ್ನರು ೧೮೬೦ರ ಆಗಸ್ಟಿನಲ್ಲಿಯೇ ಕಲ್ಕತ್ತೆಯಲ್ಲಿ ತೀರಿಕೊಂಡರು. ೧೮೬೩ರಲ್ಲಿ ಟ್ರೆವೆಲಿಯನ್ನರೇ ಹಣಕಾಸು ಸದಸ್ಯರಾಗಿ ಮರಳಿ ಬಂದರು. ೧೮೬೫ರಲ್ಲಿ ಅವರ ಕಾಲದಲ್ಲಿಯೇ ಆ ತೆರಿಗೆ ನಿಂತುಹೋಯಿತು. ತೆರಿಗೆಯ ಚರ್ಚೆ ಪತ್ರಿಕೆಗಳಿಗೆ, ಜನರ ನಾಲಗೆಗೆ ಬಂದುದು ಈ ಪ್ರಕರಣದಿಂದ.

ಮುಂದಿನ ಇಪ್ಪತ್ತು ವರ್ಷ ಸರ್ಕಾರ ಒಂದು ದಾರಿಯನ್ನು ಹಿಡಿದು ಬಿಟ್ಟು ಮತ್ತೊಂದನ್ನು ಹಿಡಿಯಿತು. ೧೮೬೯ರಿಂದ ೧೮೭೩ರವರೆಗೆ ವರಮಾನ ತೆರಿಗೆ ಭೂಮಿಯನ್ನೂ ಒಳಗೊಂಡು ಮತ್ತೆ ಜಾರಿಯಲ್ಲಿತ್ತು. ೧೮೭೬–೭೮ರ ಮಹಾಕ್ಷಾಮದ ತರುವಾಯ ಕ್ಷಾಮ ಪರಿಹಾರಕ್ಕೆ ಹಣ ಕೂಡಿಸಲು ವ್ಯಾಪಾರ ಕಸುಬುಗಳ ಮೇಲೆ ಲೈಸೆನ್ಸ್ ತೆರಿಗೆಯನ್ನೂ, ಕೆಲವು ಪ್ರಾಂತಗಳಲ್ಲಿ ಭೂಮಿಯ ಮೇಲೆ ಹೆಚ್ಚಿನ ಸೆಸ್ಸನ್ನೂ ಹಾಕಲಾಯಿತು. ೧೮೭೮ರಲ್ಲಿ ಸೂರತ್ ನಗರದ ವರ್ತಕರು ಅಂಗಡಿಗಳನ್ನು ಮುಚ್ಚಿ ಪ್ರತಿಭಟಿಸಿದರು; ಅದು ದೊಂಬಿಯಲ್ಲಿ ಮುಗಿಯಿತು. ಸಣ್ಣ ಕಸುಬಿನವನ ಮೇಲೆ ಬಿದ್ದ ಆ ತೆರಿಗೆ ಸರ್ಕಾರದ ದೊಡ್ಡ ಅಧಿಕಾರಿಯನ್ನೂ ವಕೀಲನನ್ನೂ ಮುಟ್ಟಿರಲಿಲ್ಲವೆಂಬುದು ಅಂದಿನ ಮುಖ್ಯ ಆಕ್ಷೇಪಗಳಲ್ಲಿ ಒಂದು.

೩. ೧೮೮೬ರ ಗೋಡೆ

ಈ ಅಸ್ಥಿರತೆಯನ್ನು ಕೊನೆಗಾಣಿಸಿದುದು ೧೮೮೬ರ ಎರಡನೆಯ ಕಾಯಿದೆ. ಹಣಕಾಸು ಸದಸ್ಯರಾದ ಆಕ್ಲೆಂಡ್ ಕಾಲ್ವಿನ್ ಅವರು ತಂದ ಈ ಕಾಯಿದೆಯಿಂದ ವರಮಾನ ತೆರಿಗೆ ಶಾಶ್ವತವಾಗಿ ನೆಲೆಗೊಂಡಿತು. ಅಧಿಕಾರಿಗಳೂ ವಕೀಲರೂ ಕಂಪೆನಿಗಳೂ ಅದರ ವ್ಯಾಪ್ತಿಗೆ ಬಂದರು. ಆದರೆ ಕೃಷಿಯ ಆದಾಯ ಹೊರಗುಳಿಯಿತು. ಭೂಮಿ ಆಗಲೇ ಕಂದಾಯವನ್ನು ಕೊಡುತ್ತಿದೆ, ಕ್ಷಾಮನಿಧಿಗಾಗಿ ಸೆಸ್ಸನ್ನೂ ಹೊತ್ತಿದೆ; ಮೂರನೆಯ ಹೊರೆ ನ್ಯಾಯವಲ್ಲ—ಇದು ಅಂದು ಕೊಟ್ಟ ಕಾರಣ. ಭೂಕಂದಾಯವೇ ಸರ್ಕಾರದ ಅತಿ ದೊಡ್ಡ ಆದಾಯಮೂಲವಾಗಿದ್ದ ಆ ಕಾಲದಲ್ಲಿ ಈ ಕಾರಣಕ್ಕೆ ತೂಕವಿತ್ತೆಂಬುದನ್ನು ಒಪ್ಪಲೇಬೇಕು.

ಆದರೆ ಇದೇ ಕಾಯಿದೆಯ ಇನ್ನೊಂದು ವಿಧಿಯನ್ನು ಪಕ್ಕದಲ್ಲಿಟ್ಟು ನೋಡಿದಾಗ ಬೇರೊಂದು ಸಂಗತಿ ತಿಳಿದುಬರುತ್ತದೆ. ವರ್ಷಕ್ಕೆ ೫೦೦ ರೂಪಾಯಿಗಿಂತ ಕಡಮೆ ಆದಾಯವುಳ್ಳವರಿಗೆ ತೆರಿಗೆಯೇ ಇರಲಿಲ್ಲ. ಅಂದಿನ ಸಾಮಾನ್ಯ ರೈತನ ನಿವ್ವಳ ಆದಾಯ ಆ ಮಿತಿಯ ಸಮೀಪಕ್ಕೂ ಬರುತ್ತಿರಲಿಲ್ಲ. ಎಂದ ಮೇಲೆ ಕೃಷಿಗೆಂದು ಪ್ರತ್ಯೇಕವಾದ ವಿನಾಯಿತಿ ಇರದಿದ್ದರೂ ಅವನು ಒಂದು ಕಾಸನ್ನೂ ಕೊಡಬೇಕಾಗಿರಲಿಲ್ಲ. ವಿನಾಯಿತಿಯಿಂದ ಉಳಿತಾಯವಾದುದು ಮಿತಿಯನ್ನು ಮೀರಿದ ಆದಾಯವಿದ್ದವರಿಗೆ: ಜಮೀನ್ದಾರರಿಗೆ, ದೊಡ್ಡ ಹಿಡುವಳಿದಾರರಿಗೆ, ತೋಟಗಳ ಒಡೆಯರಿಗೆ. ವಿನಾಯಿತಿ ರೈತನ ಹೆಸರಿನಲ್ಲಿ ಬಂದಿತು. ಅದರ ಫಲ ಅವನ ಮನೆಗೆ ಹೋಗಲಿಲ್ಲ. ಈ ಲೇಖನದಲ್ಲಿ ನಾವು ಹೇಳಬೇಕೆಂದಿರುವ ಮುಖ್ಯ ವಿಷಯ ಇದೇ. ಮುಂದಿನ ಇತಿಹಾಸವೆಲ್ಲ ಇದರ ವಿಸ್ತರಣೆಯಂತೆ ತೋರುತ್ತದೆ.

ಈ ವೈಪರೀತ್ಯವನ್ನು ಸ್ಪಷ್ಟವಾಗಿ ಗುರುತಿಸಿದವರಲ್ಲಿ ಡಾ. ಬಿ. ಆರ್. ಅಂಬೇಡ್ಕರ್ ಅವರು ಮುಖ್ಯರು. ೧೯೨೭ರಲ್ಲಿ ಮುಂಬಯಿ ವಿಧಾನ ಪರಿಷತ್ತಿನಲ್ಲಿ ಆಯವ್ಯಯವನ್ನು ಕುರಿತು ಮಾತನಾಡುತ್ತ ಅವರು ಎರಡು ತೆರಿಗೆಗಳನ್ನು ಹೋಲಿಸಿದರು. ವರಮಾನ ತೆರಿಗೆಯಲ್ಲಿ ವರ್ಷದಲ್ಲಿ ಆದಾಯವೇ ಬಾರದವನು ಏನನ್ನೂ ಕೊಡಬೇಕಾಗಿಲ್ಲ; ಭೂಕಂದಾಯದಲ್ಲಾದರೋ ರೈತನ ಆದಾಯ ಎಷ್ಟೇ ಇರಲಿ, ಬೆಳೆ ಬರಲಿ ಬಾರದಿರಲಿ, ಅವನು ಕೊಡಲೇಬೇಕು. ಶ್ರೀಮಂತ ಜಹಗೀರುದಾರನಿಗೂ ಬಡ ರೈತನಿಗೂ ದರದಲ್ಲಿ ಭೇದವಿಲ್ಲ. ಇದು ಅವರ ವಾದದ ಸಾರ. ಇದರ ಅರ್ಥವನ್ನು ಬಿಡಿಸಿ ನೋಡಿದರೆ, ಸಣ್ಣ ರೈತನಿಗೆ ಬೇಕಾಗಿದ್ದುದು ವರಮಾನ ತೆರಿಗೆಯಿಂದ ರಕ್ಷಣೆಯಲ್ಲ. ವರಮಾನ ತೆರಿಗೆಯಲ್ಲಿರುವ ತತ್ತ್ವದ ರಕ್ಷಣೆ. ಇಂತಿಷ್ಟಕ್ಕಿಂತ ಕಡಮೆ ಗಳಿಸುವವನನ್ನು ಮುಟ್ಟಬಾರದೆಂಬ ಆ ತತ್ತ್ವ ಪೇಟೆಗೆ ದೊರಕಿತ್ತು, ಹೊಲಕ್ಕೆ ದೊರಕಿರಲಿಲ್ಲ.

೪. ಅಧಿಕಾರದ ಹಂಚಿಕೆ

೧೯೨೪–೨೫ರ ತೆರಿಗೆ ವಿಚಾರಣಾ ಸಮಿತಿ, ಕೃಷಿ ಆದಾಯದ ವಿನಾಯಿತಿಗೆ ಐತಿಹಾಸಿಕವಾಗಲಿ ತಾತ್ತ್ವಿಕವಾಗಲಿ ಆದ ಸಮರ್ಥನೆ ಇಲ್ಲವೆಂದು ಹೇಳಿತು. ಆದರೆ ಆಡಳಿತದ ಮತ್ತು ರಾಜಕೀಯದ ತೊಡಕುಗಳಿವೆಯೆಂದು ಕೂಡಲೇ ಸೇರಿಸಿತು. ಅಲ್ಲಿಂದೀಚೆಗೆ ಈ ವಿಷಯವನ್ನು ವಿಚಾರಿಸಿದ ಬಹುಪಾಲು ಸಮಿತಿಗಳ ವರದಿಗಳಲ್ಲಿ ಈ ಎರಡು ವಾಕ್ಯಗಳೇ ರೂಪಾಂತರ ಹೊಂದಿ ಕಾಣಿಸುತ್ತವೆಂದರೆ ಅತಿಶಯೋಕ್ತಿಯಾಗದು. ಶಾಶ್ವತ ಜಮೀನ್ದಾರಿಯ ವಚನವನ್ನು ಮುಂದೊಡ್ಡುವ ವಾದವೂ ೧೯೩೦ರಲ್ಲಿ ದುರ್ಬಲವಾಯಿತು. ಜಮೀನ್ದಾರಿಯೊಳಗಿನ ಕೃಷಿಯೇತರ ಆದಾಯಕ್ಕೆ ವರಮಾನ ತೆರಿಗೆ ಹಾಕಲು ೧೭೯೩ರ ವ್ಯವಸ್ಥೆ ಅಡ್ಡಿಯಲ್ಲವೆಂದು ಪ್ರಿವಿ ಕೌನ್ಸಿಲ್ ತೀರ್ಪಿತ್ತಿತು.

೧೯೩೫ರ ಭಾರತ ಸರ್ಕಾರದ ಕಾಯಿದೆ ಕೃಷಿ ಆದಾಯದ ಮೇಲೆ ತೆರಿಗೆ ಹಾಕುವ ಅಧಿಕಾರವನ್ನು ಪ್ರಾಂತಗಳಿಗೆ ಕೊಟ್ಟಿತು. ಅದನ್ನು ಮೊದಲು ಬಳಸಿದುದು ಬಿಹಾರದ ಕಾಂಗ್ರೆಸ್ ಸಚಿವ ಸಂಪುಟ, ೧೯೩೮ರಲ್ಲಿ. ಮರುವರ್ಷ ಚಹಾ ತೋಟಗಳ ನಾಡಾದ ಅಸ್ಸಾಮೂ, ೧೯೪೪ರಲ್ಲಿ ಬಂಗಾಳವೂ ಆ ದಾರಿಯನ್ನು ಹಿಡಿದುವು. ಮೊದಲು ಮುಂದೆ ಬಂದ ಈ ಮೂರೂ ಪ್ರಾಂತಗಳು ದೊಡ್ಡ ಜಮೀನ್ದಾರಿಗಳ ಅಥವಾ ದೊಡ್ಡ ತೋಟಗಳ ಪ್ರದೇಶಗಳೆಂಬುದು ಆಕಸ್ಮಿಕವಲ್ಲ. ನಮ್ಮ ಸಂವಿಧಾನವೂ ಈ ಹಂಚಿಕೆಯನ್ನೇ ಉಳಿಸಿಕೊಂಡಿತು: ಕೃಷಿಯೇತರ ಆದಾಯದ ತೆರಿಗೆಯೂ ಕಂಪೆನಿಗಳ ಮೇಲಣ ತೆರಿಗೆಯೂ ಕೇಂದ್ರಕ್ಕೆ, ಕೃಷಿ ಆದಾಯದ ತೆರಿಗೆ ರಾಜ್ಯಗಳಿಗೆ. ೧೮೮೬ರಲ್ಲಿ ಅನುಕೂಲಕ್ಕಾಗಿ ಎಳೆದ ಗೆರೆ ೧೯೫೦ರ ಹೊತ್ತಿಗೆ ಸಂವಿಧಾನದ ಗೆರೆಯಾಯಿತು.

ಕೊಡಗಿನಲ್ಲಿ ೧೯೫೧ರ ಕಾಯಿದೆಯಿಂದಲೂ, ಏಕೀಕರಣದ ಮರುವರ್ಷವಾದ ೧೯೫೭ರಲ್ಲಿ ಮೈಸೂರು ರಾಜ್ಯದ ಕಾಯಿದೆಯಿಂದಲೂ ಕೃಷಿ ಆದಾಯ ತೆರಿಗೆ ನಮ್ಮ ನಾಡಿಗೆ ಬಂದಿತು. ಕಾಫಿಯ ಉದಾಹರಣೆಯಿಂದ ಈ ಗೆರೆಯ ವೈಚಿತ್ರ್ಯ ಮನದಟ್ಟಾಗುತ್ತದೆ. ವರಮಾನ ತೆರಿಗೆಯ ನಿಯಮಗಳಿಗೆ ೨೦೦೨ರಲ್ಲಿ ಸೇರಿದ ವಿಧಿಯೊಂದರ ಪ್ರಕಾರ, ಬೆಳೆಗಾರನು ತಾನು ಬೆಳೆದ ಕಾಫಿಯನ್ನು ಸಂಸ್ಕರಿಸಿ ಮಾರಿದರೆ ಆ ಆದಾಯದಲ್ಲಿ ನೂರಕ್ಕೆ ೨೫ ಭಾಗ ವ್ಯಾಪಾರದ್ದೆಂದೂ, ಹುರಿದು ಪುಡಿಮಾಡಿ ಮಾರಿದರೆ ನೂರಕ್ಕೆ ೪೦ ಭಾಗ ವ್ಯಾಪಾರದ್ದೆಂದೂ ಎಣಿಕೆಯಾಯಿತು. ಉಳಿದ ಭಾಗ ಕೃಷಿಯದು. ಒಂದೇ ಬೀಜ ಗಿಡದಲ್ಲಿರುವಾಗ ಒಂದು ಸರ್ಕಾರಕ್ಕೆ, ಬಾಣಲೆಯಲ್ಲಿರುವಾಗ ಇನ್ನೊಂದು ಸರ್ಕಾರಕ್ಕೆ ಒಳಪಡುವ ಸ್ಥಿತಿ ಇದು.

೫. ದೊಡ್ಡ ಉದ್ಯಮಗಳ ಪಕ್ಷ

ಇತ್ತ ಪೇಟೆಯ ಕಡೆಯ ಇತಿಹಾಸವನ್ನು ನೋಡೋಣ. ದೊಡ್ಡ ಬಂಡವಾಳದ ಮೇಲಿನ ತೆರಿಗೆಯ ವಿಷಯದಲ್ಲಿ ೧೯೪೭ರ ಫೆಬ್ರವರಿಯ ಆಯವ್ಯಯ ಒಂದು ಮೈಲಿಗಲ್ಲು. ಮಧ್ಯಂತರ ಸರ್ಕಾರದ ಹಣಕಾಸು ಸದಸ್ಯರಾಗಿದ್ದ ಲಿಯಾಕತ್ ಅಲಿ ಖಾನರು ಅದರಲ್ಲಿ ಉಪ್ಪಿನ ತೆರಿಗೆಯನ್ನು ತೆಗೆದುಹಾಕಿದರು. ಒಂದು ಲಕ್ಷ ರೂಪಾಯಿಗೆ ಮೀರಿದ ವ್ಯಾಪಾರದ ಲಾಭದ ಮೇಲೆ ನೂರಕ್ಕೆ ೨೫ರಂತೆ ಹೊಸದೊಂದು ತೆರಿಗೆಯನ್ನು ಸೂಚಿಸಿದರು. ಯುದ್ಧಕಾಲದಲ್ಲಿ ತೆರಿಗೆ ತಪ್ಪಿಸಿದವರ ವಿಚಾರಣೆಗೆ ಆಯೋಗವೊಂದನ್ನೂ ಸೂಚಿಸಿದರು. ಜನಸಾಮಾನ್ಯರ ಆಯವ್ಯಯವೆಂದು ಕೆಲವರು ಇದನ್ನು ಹೊಗಳಿದರು. ಉದ್ಯಮಿಗಳು, ಇದರಿಂದ ಬಂಡವಾಳ ಹೆದರಿ ಹಿಂಜರಿಯುತ್ತದೆ, ಕಾರ್ಖಾನೆಗಳು ಬೆಳೆಯುವುದಿಲ್ಲ ಎಂದು ವಾದಿಸಿದರು. ದೇಶ ವಿಭಜನೆಯ ಹೊಸ್ತಿಲಲ್ಲಿದ್ದ ಆ ದಿನಗಳಲ್ಲಿ ಪ್ರತಿಯೊಂದು ಪ್ರಸ್ತಾವದ ಹಿಂದೆಯೂ ರಾಜಕೀಯ ಉದ್ದೇಶವನ್ನು ಹುಡುಕುವುದು ಸಹಜವೇ ಆಗಿತ್ತು. ಕೊನೆಗೆ ದರ ನೂರಕ್ಕೆ ೧೬⅔ಕ್ಕೆ ಇಳಿಯಿತು.

ಬಂಡವಾಳ ಹೆದರುತ್ತದೆಂಬ ಈ ವಾದ ಅಂದಿನಿಂದ ಇಂದಿನವರೆಗೆ ಅದೇ ರೂಪದಲ್ಲಿ ಉಳಿದಿದೆ. ಅದನ್ನು ಹುಸಿಯೆಂದು ತಳ್ಳಿಹಾಕುವುದು ಸರಿಯಲ್ಲ. ಕಾರ್ಖಾನೆಯನ್ನು ಎಲ್ಲಿ ಕಟ್ಟಬೇಕೆಂದು ಆಯ್ಕೆ ಮಾಡುವ ಸ್ವಾತಂತ್ರ್ಯ ಬಂಡವಾಳಕ್ಕೆ ಇದ್ದೇ ಇದೆ, ಭೂಮಿಗೆ ಅದಿಲ್ಲ. ಆದರೆ ಇಲ್ಲಿಯೂ ದೊಡ್ಡವರ ಮತ್ತು ಚಿಕ್ಕವರ ಭೇದವನ್ನು ನೋಡಬೇಕು. ಕಾಗದದ ಮೇಲಿನ ದರ ಒಂದಿದ್ದರೂ ಹೂಡಿಕೆ, ಸವಕಳಿ, ರಫ್ತು ಮೊದಲಾದ ರಿಯಾಯಿತಿಗಳನ್ನು ಬಳಸಿಕೊಳ್ಳುವ ಸಾಮರ್ಥ್ಯ ದೊಡ್ಡ ಕಂಪೆನಿಗಳಿಗೆ ಹೆಚ್ಚು. ಲಾಭಾಂಶ ಹಂಚುತ್ತಲೇ ತೆರಿಗೆಯನ್ನು ಸೊನ್ನೆಗೆ ಇಳಿಸಿಕೊಂಡ ಕಂಪೆನಿಗಳು ಕಂಡುಬಂದುದರಿಂದಲೇ ೧೯೮೭ರಲ್ಲಿ ಕನಿಷ್ಠ ತೆರಿಗೆಯೊಂದನ್ನು ವಿಧಿಸಬೇಕಾಯಿತು. ಅದು ಕೆಲಕಾಲ ನಿಂತು ೧೯೯೬ರಲ್ಲಿ ಬೇರೊಂದು ರೂಪದಲ್ಲಿ ಮರಳಿತು. ಕೇಂದ್ರದ ಆಯವ್ಯಯದೊಡನೆ ಪ್ರಕಟವಾದ ಲೆಕ್ಕಗಳೇ ಹಲವು ವರ್ಷಗಳವರೆಗೆ, ಅತಿ ದೊಡ್ಡ ಲಾಭದ ಕಂಪೆನಿಗಳು ಸಣ್ಣ ಲಾಭದ ಕಂಪೆನಿಗಳಿಗಿಂತ ಕಡಮೆ ಪ್ರಮಾಣದಲ್ಲಿ ತೆರಿಗೆ ಕೊಟ್ಟುದನ್ನು ತೋರಿಸಿವೆ.

೨೦೧೯ರ ಸೆಪ್ಟೆಂಬರಿನಲ್ಲಿ, ರಿಯಾಯಿತಿಗಳನ್ನು ಬಿಟ್ಟುಕೊಡುವ ಕಂಪೆನಿಗಳಿಗೆ ಮೂಲದರವನ್ನು ನೂರಕ್ಕೆ ೨೨ಕ್ಕೂ, ಹೊಸ ಉತ್ಪಾದನಾ ಕಂಪೆನಿಗಳಿಗೆ ೧೫ಕ್ಕೂ ಇಳಿಸಲಾಯಿತು. ಇದರಿಂದ ವರ್ಷಕ್ಕೆ ಸುಮಾರು ೧,೪೫,೦೦೦ ಕೋಟಿ ರೂಪಾಯಿ ಆದಾಯ ಕಡಮೆಯಾಗುವುದೆಂದು ಸರ್ಕಾರವೇ ಅಂದಾಜು ಮಾಡಿತು. ೨೦೨೩–೨೪ರಲ್ಲಿ ವ್ಯಕ್ತಿಗಳ ವರಮಾನ ತೆರಿಗೆಯಿಂದ ಬಂದ ಮೊತ್ತ ಕಂಪೆನಿಗಳ ತೆರಿಗೆಯಿಂದ ಬಂದುದಕ್ಕಿಂತ ಹೆಚ್ಚಾಗಿತ್ತು. ಸಂಬಳದವನು ಎರಡೂ ಕಡೆಗೆ ಬೆರಳು ತೋರಿಸುವುದಕ್ಕೆ ಕಾರಣ ಇಲ್ಲಿದೆ.

೬. ರಾಜ್ ಸಮಿತಿಯ ಸೂಚನೆ

ಭೂಮಿಯ ತೆರಿಗೆಯನ್ನು ಸಣ್ಣವರಿಗೆ ತಗಲದಂತೆ ರೂಪಿಸುವ ಅತ್ಯಂತ ಗಂಭೀರವಾದ ಪ್ರಯತ್ನ ೧೯೭೨ರಲ್ಲಿ ನಡೆಯಿತು. ಅರ್ಥಶಾಸ್ತ್ರಜ್ಞ ಕೆ. ಎನ್. ರಾಜ್ ಅವರ ಅಧ್ಯಕ್ಷತೆಯ ಸಮಿತಿ ಭೂಕಂದಾಯದ ಸ್ಥಾನದಲ್ಲಿ ಕೃಷಿ ಹಿಡುವಳಿ ತೆರಿಗೆಯೊಂದನ್ನು ಸೂಚಿಸಿತು. ಲೆಕ್ಕದ ಪುಸ್ತಕಗಳಿಲ್ಲದ ಕಡೆ ಆದಾಯವನ್ನು ಅಳೆಯುವುದು ಹೇಗೆಂಬ ಹಳೆಯ ಆಕ್ಷೇಪಕ್ಕೆ ಅದು ಒಂದು ಉತ್ತರವನ್ನು ಕೊಟ್ಟಿತು: ಒಬ್ಬೊಬ್ಬ ರೈತನ ಲೆಕ್ಕವನ್ನು ಕೇಳದೆ, ಪ್ರದೇಶದ ಮಣ್ಣು, ಮಳೆ, ಬೆಳೆಗಳಿಗೆ ಅನುಗುಣವಾಗಿ ಎಕರೆಯ ಉತ್ಪನ್ನವನ್ನು ಅಂದಾಜು ಮಾಡಿ, ಹಿಡುವಳಿ ದೊಡ್ಡದಾದಂತೆ ದರವನ್ನು ಏರಿಸುವುದು. ನಿರ್ದಿಷ್ಟ ಮಿತಿಗಿಂತ ಕೆಳಗಿನ ಹಿಡುವಳಿಗಳು ಇದರಿಂದ ಹೊರಗೆ. ಅಂಬೇಡ್ಕರರು ಕೇಳಿದ್ದ ತತ್ತ್ವ ಇಲ್ಲಿ ಯೋಜನೆಯ ರೂಪ ತಾಳಿತ್ತು.

ಆದರೆ ಯಾವ ರಾಜ್ಯವೂ ಅದನ್ನು ಪೂರ್ಣವಾಗಿ ಕೈಗೊಳ್ಳಲಿಲ್ಲ. ಸಮಿತಿಯ ಇನ್ನೊಂದು ಸಲಹೆ ಮಾತ್ರ ೧೯೭೩ರ ಹಣಕಾಸು ಕಾಯಿದೆಯಲ್ಲಿ ಸೇರಿತು. ಇದರಂತೆ ಕೃಷಿಯೊಡನೆ ಬೇರೆ ಆದಾಯವೂ ಇರುವವನ ತೆರಿಗೆಯ ದರವನ್ನು ಗೊತ್ತುಮಾಡುವಾಗ ಎರಡನ್ನೂ ಕೂಡಿಸಲಾಗುತ್ತದೆ. ಕೃಷಿಯ ಭಾಗಕ್ಕೆ ತೆರಿಗೆ ಬೀಳುವುದಿಲ್ಲ, ಆದರೆ ಅದರ ಭಾರದಿಂದ ಉಳಿದ ಭಾಗ ಮೇಲಿನ ದರಕ್ಕೆ ಏರುತ್ತದೆ. ಕೃಷಿ ಆದಾಯ ಒಂದೇ ಇರುವವನಿಗೆ ಅದು ಎಷ್ಟೇ ದೊಡ್ಡದಾಗಿದ್ದರೂ ಈ ಕ್ರಮ ತಗಲುವುದಿಲ್ಲ. ಕೃಷಿಭೂಮಿಯನ್ನು ಸಂಪತ್ತಿನ ತೆರಿಗೆಗೆ ಒಳಪಡಿಸಿದ ಕೇಂದ್ರದ ಕ್ರಮವನ್ನು ಸರ್ವೋಚ್ಚ ನ್ಯಾಯಾಲಯ ೧೯೭೧ರಲ್ಲಿ ಎತ್ತಿಹಿಡಿದಿತ್ತು. ಸಂಪತ್ತಿನ ತೆರಿಗೆಯೇ ೨೦೧೫ರಲ್ಲಿ ರದ್ದಾಯಿತು. ೨೦೧೭ರಲ್ಲಿ ನೀತಿ ಆಯೋಗದ ಸದಸ್ಯರೊಬ್ಬರು ದೊಡ್ಡ ಕೃಷಿ ಆದಾಯಕ್ಕೆ ತೆರಿಗೆ ಹಾಕಬಹುದೆಂದು ಹೇಳಿದೊಡನೆ, ಅಂಥ ಉದ್ದೇಶವಿಲ್ಲವೆಂದು ಹಣಕಾಸು ಸಚಿವರು ಸ್ಪಷ್ಟಪಡಿಸಬೇಕಾಯಿತು. ೨೦೨೫ರಲ್ಲಿ ಅಂಗೀಕೃತವಾದ ಹೊಸ ವರಮಾನ ತೆರಿಗೆ ಕಾಯಿದೆಯೂ ಹಳೆಯ ವಿನಾಯಿತಿಯನ್ನು ಮುಂದುವರಿಸಿದೆ.

೭. ಸಮಾರೋಪ

೧೮೮೬ರ ಕಾರಣ ಇಂದು ಎಷ್ಟರಮಟ್ಟಿಗೆ ನಿಲ್ಲುತ್ತದೆ? ಭೂಕಂದಾಯವು ಸರ್ಕಾರದ ಆದಾಯದಲ್ಲಿ ಇಂದು ಲೆಕ್ಕಕ್ಕೆ ಬಾರದಷ್ಟು ಕಿರಿದಾಗಿದೆ. ಆದುದರಿಂದ ಇಮ್ಮಡಿ ಹೊರೆಯೆಂಬ ಮಾತಿಗೆ ಹಿಂದಿನ ಬಲವಿಲ್ಲ. ಅಷ್ಟೇ ಅಲ್ಲ, ವಿನಾಯಿತಿ ಬೇರೆಯವರಿಗೂ ಆಶ್ರಯವಾಗಿದೆ. ೨೦೧೯ರಲ್ಲಿ ಪ್ರಕಟವಾದ ಮಹಾಲೇಖಪಾಲರ ವರದಿ, ಪರಿಶೀಲಿಸಿದ ಪ್ರಕರಣಗಳಲ್ಲಿ ನೂರಕ್ಕೆ ೨೨ಕ್ಕೂ ಹೆಚ್ಚಿನವುಗಳಲ್ಲಿ ಸಾಕಷ್ಟು ದಾಖಲೆಗಳಿಲ್ಲದೆಯೇ ಕೃಷಿ ಆದಾಯದ ವಿನಾಯಿತಿ ದೊರೆತುದನ್ನು ತೋರಿಸಿತು. ಬೇರೆ ಕಡೆ ಗಳಿಸಿದ ಹಣ ಹೊಲದಲ್ಲಿ ಬೆಳೆದುದೆಂದು ಹೇಳಿಕೊಳ್ಳಲು ಇದರಿಂದ ಅವಕಾಶವುಂಟು.

ಹಾಗೆಂದು ರೈತಪಕ್ಷದ ವಾದವನ್ನು ಲಘುವಾಗಿ ಎಣಿಸಬಾರದು. ೨೦೧೫–೧೬ರ ಕೃಷಿ ಗಣತಿಯಂತೆ ದೇಶದ ಹಿಡುವಳಿಗಳಲ್ಲಿ ನೂರಕ್ಕೆ ೮೬ರಷ್ಟು ಎರಡು ಹೆಕ್ಟೇರಿಗಿಂತ ಕಡಮೆಯವು; ಸರಾಸರಿ ಹಿಡುವಳಿ ೧.೦೮ ಹೆಕ್ಟೇರು. ಹತ್ತು ಹೆಕ್ಟೇರಿಗೆ ಮೇಲ್ಪಟ್ಟ ಹಿಡುವಳಿಗಳು ನೂರಕ್ಕೆ ಒಂದೂ ಇಲ್ಲ. ಅಲ್ಲದೆ ತೆರಿಗೆಯೆಂಬ ಹೆಸರಿಲ್ಲದ ಹೊರೆಗಳೂ ಇವೆ. ಪೇಟೆಯ ಬೆಲೆಯನ್ನು ಇಳಿಸಲು ೨೦೨೨ರ ಮೇ ತಿಂಗಳಲ್ಲಿ ಗೋಧಿಯ ರಫ್ತನ್ನೂ, ೨೦೨೩ರ ಡಿಸೆಂಬರಿನಲ್ಲಿ ಈರುಳ್ಳಿಯ ರಫ್ತನ್ನೂ ನಿಷೇಧಿಸಿದಾಗ ಬೆಳೆಗಾರನು ಕಳೆದುಕೊಂಡ ಬೆಲೆ ಯಾವ ತೆರಿಗೆಯ ಪಟ್ಟಿಯಲ್ಲಿಯೂ ಕಾಣುವುದಿಲ್ಲ. ಆ ಹೊರೆ ದೊಡ್ಡ ಹಿಡುವಳಿ, ಸಣ್ಣ ಹಿಡುವಳಿ ಎಂಬ ಭೇದವನ್ನೂ ಮಾಡುವುದಿಲ್ಲ.

ಈ ಎಲ್ಲ ಸಂಗತಿಗಳಿಂದ ನಮಗೆ ತೋರುವುದಿಷ್ಟು. ಚರ್ಚೆಯನ್ನು ಹಳ್ಳಿ ಮತ್ತು ಪಟ್ಟಣಗಳ ಜಗಳವನ್ನಾಗಿ ನಡೆಸುವವರೆಗೆ ಎರಡು ಕಡೆಯ ದೊಡ್ಡವರೂ ಸುರಕ್ಷಿತರು. ಜಮೀನಿನ ದೊಡ್ಡ ಒಡೆಯನು ಎರಡು ಎಕರೆಯ ರೈತನನ್ನು ಮುಂದೆ ನಿಲ್ಲಿಸುತ್ತಾನೆ. ದೊಡ್ಡ ಕಂಪೆನಿ ಕಾರ್ಖಾನೆಯ ಕೂಲಿಕಾರನನ್ನೂ ಸಣ್ಣ ಹೂಡಿಕೆದಾರನನ್ನೂ ಮುಂದೆ ನಿಲ್ಲಿಸುತ್ತದೆ. ಆದಾಯ ಯಾವ ಮೂಲದಿಂದ ಬಂದಿತೆಂದು ಕೇಳುವ ಮೊದಲು ಅದು ಎಷ್ಟೆಂದು ಕೇಳುವುದೇ ನ್ಯಾಯದ ಮೊದಲ ಹೆಜ್ಜೆ. ಸಣ್ಣವನನ್ನು ಮಿತಿಯಿಂದ ಕಾಪಾಡಬಹುದು. ಅದಕ್ಕಾಗಿ ಗೋಡೆ ಬೇಕಾಗಿಲ್ಲ. ಇದನ್ನು ಸಾಧಿಸಲು ಸಂವಿಧಾನದ ಹಂಚಿಕೆಯೊಳಗೆ ಕೇಂದ್ರವೂ ರಾಜ್ಯಗಳೂ ಹೇಗೆ ಕೂಡಿ ನಡೆಯಬೇಕೆಂಬುದು ಅರ್ಥಶಾಸ್ತ್ರ ಮತ್ತು ರಾಜ್ಯಶಾಸ್ತ್ರಗಳ ಅಭ್ಯಾಸಿಗಳು ವಿಚಾರಿಸಬೇಕಾದ ವಿಷಯ. ನಮ್ಮ ವಿದ್ಯಾರ್ಥಿಗಳಾದರೋ ತಮ್ಮ ತಮ್ಮ ಊರುಗಳ ಹಳೆಯ ಜಮಾಬಂದಿಯ ಕಾಗದಗಳನ್ನೂ ಕಂದಾಯದ ರಶೀದಿಗಳನ್ನೂ ಹುಡುಕಿ, ಒಂದು ತಲೆಮಾರಿನ ಹಿಂದೆ ಯಾರು ಎಷ್ಟು ಕೊಡುತ್ತಿದ್ದರು, ಇಂದು ಯಾರು ಎಷ್ಟು ಕೊಡುತ್ತಿದ್ದಾರೆ ಎಂದು ಹೋಲಿಸಿ ನೋಡಿದರೆ, ತರಗತಿಯಲ್ಲಿ ಎರಡು ಪಕ್ಷಗಳಾಗಿ ವಾದಿಸುವುದಕ್ಕಿಂತ ಹೆಚ್ಚು ಪ್ರಯೋಜನವಾದೀತೆಂದು ನಂಬಿದ್ದೇವೆ.